ಅಣ್ಣನ ಕೈಯ ಹಲಗೆ

ಫೆಬ್ರುವರಿ ೬

ನಮ್ಮ ಇಕ್ಕಳಕ್ಕೆ ಚಿಕ್ಕಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಇದ್ದ ಹಾಗೆಯೇ ಇದ್ದಾರೆ. ನಾನೊಬ್ಬ ಮಾತ್ರ ಇದ್ದದ್ದಕ್ಕಿಂತ ದೊಡ್ಡ ಮನುಷ್ಯನಾಗಿದ್ದೇನೆ. ಕಾರಣ ಕೆಳಗೆ ಬರುತ್ತದೆ, ನಿಧಾನವಾಗಿ ಓದು. ಇಕ್ಕಳ ಎಂದೆನೆಂದು ಮೂತಿ ಉಬ್ಬಿಸಬೇಡ ಕಣೇ. ತೊಟ್ಟಿಲಲ್ಲಿದ್ದಾಗ ನನ್ನ ಕಿರುಬೆರಳು ಹಿಡಿದೆಯೆಂದರೆ ಬಿಡಿಸಲು ನಿನ್ನ ಅಮ್ಮನೇ ಬರಬೇಕಿತ್ತು. ಈಗ ನೀನು ಲಿಫ್ಟ್ ರಿಪೇರಿ ಮಾಡುವ ದೊಡ್ಡ ಮೆಕ್ಯಾನಿಕ್ ಆಗಿರಬಹುದು, ಆದರೆ ಹೆಸರಿಟ್ಟವನು ನಾನೇ.

ಈ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ನನ್ನ ಗಂಟಲು ನಿನಗೆ ಗೊತ್ತು. ಫೋನು ಇಲ್ಲದಿದ್ದರೂ ನಿನ್ನ ಊರಿಗೆ ಮುಟ್ಟುತ್ತದೆ. ಇನ್ನು ಮುಂದಿನ ಕೋಣೆಯಲ್ಲಿ ಮಲಗಿರುವ ನಿನ್ನ ಅಪ್ಪನಿಗೆ ಕೇಳಿಸದೆ ಇರುತ್ತದೆಯೇ? ಅವನಿಗೆ ಕೇಳಿಸಬಾರದು. ಅದಕ್ಕೇ ಈ ಪತ್ರ.

ನೀನು ಬಂದು ನೋಡಿಕೊಂಡು ಹೋದಾಗ ಹೇಗಿದ್ದನೋ ಅಣ್ಣ ಹಾಗೆಯೇ ಇದ್ದಾನೆ. ಲಕ್ವ ಹೊಡೆದದ್ದರಲ್ಲಿ ಮಾತು ಉಳಿಯಿತು, ಕಾಲು ಕೋಲಿನ ಜೊತೆ ರಾಜಿಯಾಯಿತು, ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿದೆ. ಮಾತು ಉಳಿದು ಪ್ರಯೋಜನವೇನು, ಆಡುವುದೇ ಇಲ್ಲ. ಮಂಚದಿಂದ ನೇರಕ್ಕೆ ಹಿತ್ತಲ ಶೆಡ್ಡು, ಅದರ ಕಿಟಕಿಯಲ್ಲಿ ಅವನ ಮಿಲ್ಲಿಂಗ್ ಮಷಿನ್ ಕಾಣುತ್ತಿತ್ತಲ್ಲ? ಮಂಚವನ್ನೇ ತಿರುಗಿಸಿ ಹಾಕಿಸಿದ. ಈಗ ಅವನಿಗೆ ಕಾಣುವುದು ಗೋಡೆ. ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅದು ಅಲ್ಲಿ ನಿಂತಿರೋವರೆಗೂ ಇವರು ಗೋಡೆ ಬಿಟ್ಟು ಈ ಕಡೆ ತಿರುಗಲ್ಲ ಕಣೋ. ಗುಜರಿಯವನಿಗೆ ಕೊಟ್ಟುಬಿಡೋಣ."

ನಾನು ಕಾಲು ಹಿಡಿಯುವುದೊಂದು ಬಾಕಿ. "ಬೇಸಿಗೆ ಮುಗಿಯೋವರೆಗೆ ಬಿಡಿ ಅತ್ತಿಗೆ. ಅಷ್ಟರಲ್ಲಿ ಅಣ್ಣ ತಾನಾಗೇ ಬಂದು ಮಷಿನ್ ಮುಂದೆ ಕೂರ್ತಾನೆ. ಕೂರಿಸದಿದ್ದರೆ ನಾನು ನನ್ನಪ್ಪನ ಮಗನೇ ಅಲ್ಲ!" ಅಂದೆ. ಅತ್ತಿಗೆ "ನಿಮ್ಮಪ್ಪನೂ ಹೀಗೇ ಹೇಳ್ತಿದ್ರು" ಎಂದು ಒಳಗೆ ಹೋದರು. ಅದನ್ನು ಒಪ್ಪಿಗೆ ಎಂದುಕೊಂಡಿದ್ದೇನೆ.

ನನ್ನ ಉಪಾಯ ಇದು. ಮಿಲ್ಲಿಂಗ್ ಮಷಿನ್ ಎಂದರೇನೆಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಬಾಯಿ ಸುಮ್ಮನಿರುವುದಿಲ್ಲ. ಮೇಲೆ ಕೊರೆಯುವ ಕಟರ್ ನಿಂತಲ್ಲೇ ಗಿರಗಿರ ತಿರುಗುತ್ತದೆ; ಕೆಳಗೆ ಕೊರೆಯಬೇಕಾದ ತುಂಡನ್ನು ಬಿಗಿದಿಟ್ಟ ಮೇಜು ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಓಡಾಡುತ್ತದೆ. ಆ ಮೇಜನ್ನು ಓಡಿಸುವ ಹಿಡಿಗಳನ್ನು ಅಣ್ಣ ಎರಡೂ ಕೈಯಲ್ಲಿ ಒಟ್ಟಿಗೆ ತಿರುಗಿಸುತ್ತಿದ್ದ, ಮಗು ತೂಗಿದ ಹಾಗೆ. ಈಗ ಒಂದು ಕೈ ಇಲ್ಲ. ಹಾಗಾದರೆ ಹಿಡಿಗಳ ಜಾಗದಲ್ಲಿ ಮೋಟಾರು ಕೂರಿಸಿ, ಮೋಟಾರನ್ನು ಕಂಪ್ಯೂಟರಿಗೆ ಜೋಡಿಸಿದರೆ? ಒಂದು ಬೆರಳು ಸಾಕು!

ಮೋಟಾರಿಗೆ ತಂತಿ ಸುತ್ತುವ ಗೆಳೆಯನನ್ನು ಕರೆದು ಜೋಡಿಸಿಯಾಯಿತು. ಫೋಟೋ ಸ್ಟುಡಿಯೋದವನು ಬೇಡವೆಂದ ಹಳೆಯ ಕಂಪ್ಯೂಟರು ಬಂದಾಯಿತು. ತಂತಿ ಎಲ್ಲ ಮುಗಿಸಿ ಗೆಳೆಯ "ಸಾಫ್ಟ್‌ವೇರ್ ನನ್ನ ಜಾತಕದಲ್ಲಿಲ್ಲ" ಎಂದು ಕೈ ತೊಳೆದುಕೊಂಡ. ನಾನು ಹೆದರುವವನೇ? ಒಂದೇ ಮೇಷ್ಟ್ರು, ಎರಡೇ ಬೆಂಚು ಇದ್ದ ಶಾಲೆಯಲ್ಲಿ ಓದಿ ಈ ಮಟ್ಟಕ್ಕೆ ಬಂದವನು. ಸಾಫ್ಟ್‌ವೇರನ್ನು ಕಂಪ್ಯೂಟರಿನೊಳಕ್ಕೆ ಇಳಿಸಿದೆ. ಈಗ ಪರದೆಯ ತುಂಬ ಖಾಲಿ ಚೌಕಗಳು, ಒಂದೊಂದರಲ್ಲೂ ಒಂದೊಂದು ಸಂಖ್ಯೆ ತುಂಬಬೇಕಂತೆ. ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎಂದು ಕೇಳುತ್ತಿದೆ. ಮೋಟಾರಿಗೆ ಕಾಲೆಲ್ಲಿದೆ? ನಿನ್ನ ಲಿಫ್ಟುಗಳಲ್ಲೂ ಇಂಥದ್ದು ಇರಬೇಕಲ್ಲ. ಬೇಗ ಬರೆ.

ಅಣ್ಣನಿಗೆ ಗೊತ್ತಾಗಕೂಡದು. ಆ ಮಷಿನ್ನನ್ನು ಯಾರೂ ಮುಟ್ಟಬಾರದೆಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಇಂತು,
ನಿನ್ನ ಚಿಕ್ಕಪ್ಪ (ಇನ್ನು ಮುಂದೆ ಕಂಪ್ಯೂಟರ್ ಚಿಕ್ಕಪ್ಪ)


ಫೆಬ್ರುವರಿ ೧೭

ಚಿಕ್ಕಪ್ಪನಿಗೆ,

ಹೆಜ್ಜೆ ಎಂದರೆ ಮೋಟಾರು ಒಂದು ಸಲಕ್ಕೆ ತಿರುಗುವ ಅತಿ ಸಣ್ಣ ತಿರುವು. ಒಂದು ಸುತ್ತಿಗೆ ಎಷ್ಟು ಹೆಜ್ಜೆ ಎಂದು ಮೋಟಾರಿನ ಮೈಮೇಲೆ ಬರೆದಿರುತ್ತದೆ. ಮೋಟಾರು ಒಂದು ಸುತ್ತು ಸುತ್ತಿದರೆ ಮೇಜು ಎಷ್ಟು ಸರಿಯುತ್ತದೆಂದು ಸ್ಕೇಲ್ ಇಟ್ಟು ಅಳೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸು. ಮನಸ್ಸಿಗೆ ಬಂದ ಸಂಖ್ಯೆ ಹಾಕಬೇಡ. ಹಾಕುತ್ತೀಯ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ಮಷಿನ್ ಮುಟ್ಟಬಾರದೆಂಬುದು ನನಗೆ ಗೊತ್ತು ಎಂದೆಯಲ್ಲ, ಗೊತ್ತು. ಅಪ್ಪ ಮುಟ್ಟಲು ಬಿಡಲಿಲ್ಲ, ನಾನು ಬೇರೆ ಕಡೆ ಹೋಗಿ ಮುಟ್ಟುವುದನ್ನು ಕಲಿತೆ. ಅದರ ಮಾತು ಈಗ ಬೇಡ.

ನಾನು ಬಂದಾಗ ಅಪ್ಪ ಇದ್ದಷ್ಟು ಹೊತ್ತೂ ಬಲಗೈಯನ್ನು ಹೊದಿಕೆಯೊಳಗೇ ಇಟ್ಟುಕೊಂಡಿದ್ದರು. ಕೆಲಸ ಹೇಗಿದೆ ಎಂದು ಕೇಳಿದರು, ನಾನು ಚೆನ್ನಾಗಿದೆ ಎಂದೆ. ಬಸ್ಸಿಗೆ ಹೊತ್ತಾಗುತ್ತದೆ ಎಂದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಇಕ್ಕಳ


ಮಾರ್ಚ್ ೫

ಇಕ್ಕಳಕ್ಕೆ ಆಶೀರ್ವಾದ, ಜೊತೆಗೆ ಒಂದು ದೂರು.

ನಿನ್ನ ಪತ್ರ ಎರಡು ದಿನ ತಡವಾಗಿ ಬಂತು. ಅಷ್ಟರಲ್ಲಿ ನಾನು ನನಗೆ ಒದಗಿಬರುವ ಸಂಖ್ಯೆ ಒಂದಿದೆಯಲ್ಲ, ಅದನ್ನೇ ಹಾಕಿಬಿಟ್ಟಿದ್ದೆ. ಉಗುರಿನಷ್ಟು ಸರಿದುಕೋ ಎಂದು ಕೀಲಿಮಣೆಯ ಬಾಣ ಒತ್ತಿದೆ. ಮೇಜು ಹಗ್ಗ ಕಿತ್ತ ಕರುವಿನ ಹಾಗೆ ಆ ತುದಿಗೆ ಓಡಿ ಧಡಾರ್ ಎಂದು ಗುದ್ದಿತು. ಒಳಗಿನಿಂದ ಅಣ್ಣನ ದನಿ: "ಏನೋ ಅದು?" ನಾನು: "ಪಕ್ಕದ ಮನೆಯವರು ಬೀರು ಸರಿಸ್ತಿದ್ದಾರೆ!" ಅಣ್ಣ: "ಅವರ ಬೀರು ನಮ್ಮ ಶೆಡ್ಡಲ್ಲಿ ಯಾಕಿದೆ?" ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆದರೆ ಗಮನಿಸು, ಅಣ್ಣ ಒಂದು ಇಡೀ ವಾಕ್ಯ ಆಡಿದ್ದಾನೆ!

ಆಮೇಲೆ ನಿನ್ನ ಭಾಗಾಕಾರ ಮಾಡಿದೆ. ಈಗ ಹತ್ತು ಮಿಲಿಮೀಟರ್ ಎಂದರೆ ಹತ್ತೇ ಮಿಲಿಮೀಟರ್. ನೀನು ಹೇಳಿದ್ದರಿಂದ ಸರಿಹೋಯಿತೋ ನಾನು ಮಾಡಿದ್ದರಿಂದಲೋ ಎಂಬುದನ್ನು ಮುಂದಿನವರು ತೀರ್ಮಾನಿಸಲಿ.

ನೀನು ಹೇಳದೆ ಬಿಟ್ಟ ಒಂದು ದೊಡ್ಡ ತಪ್ಪನ್ನು ನಾನೇ ಹಿಡಿದೆ. ಬಲದ ಬಾಣ ಒತ್ತಿದರೆ ಮೇಜು ಎಡಕ್ಕೆ ಹೋಗುತ್ತಿತ್ತು! ಸಾಫ್ಟ್‌ವೇರ್ ಬರೆದವನಿಗೆ ಎಡ ಬಲ ಗೊತ್ತಿಲ್ಲ ಪಾಪ. 'ದಿಕ್ಕು ತಿರುಗಿಸು' ಎಂಬ ಒಂದು ಚೌಕ ಸಿಕ್ಕಿತು, ಟಿಕ್ ಹಾಕಿದೆ. ಈಗ ಬಲ ಎಂದರೆ ಬಲ. ಮೇಲಿನ ಬಾಣ ಒತ್ತಿದರೆ ಮೇಜು ನನ್ನ ಕಡೆಗೆ ಬರುತ್ತದೆ. ಕರೆದರೆ ಬರುವುದು ಒಳ್ಳೆಯ ನಡತೆ ಎಂದು ಅದನ್ನು ಹಾಗೆಯೇ ಬಿಟ್ಟೆ.

ಈಗ ಮುಖ್ಯ ಮಾತು. ಅಣ್ಣನ ಕೈಗೆ ಕಸರತ್ತು ಮಾಡಿಸಲು ಒಬ್ಬ ಮೇಡಂ ಬರುತ್ತಾರೆ. ಬೆರಳುಗಳನ್ನು ಬಿಡಿಸಿ ಒಂದು ಹಲಗೆಯ ಮೇಲೆ ಚಪ್ಪಟೆಯಾಗಿ ಇಡಿಸುವುದು ಅವರ ಕೆಲಸ. ಬೆರಳುಗಳು ಮತ್ತೆ ಮುದುಡಿಕೊಳ್ಳುವುದು ಅಣ್ಣನ ಕೆಲಸ. "ಒಂದೊಂದು ಬೆರಳಿಗೂ ಒಂದೊಂದು ಕಾಲುವೆ ತೋಡಿರೋ ಹಲಗೆ ಇದ್ದರೆ ನಿಲ್ಲುತ್ತೆ. ಇವರ ಕೈ ದೊಡ್ಡದು, ಅಂಗಡಿಯದು ಯಾವುದೂ ಆಗಲ್ಲ" ಎಂದರು. ನನ್ನ ತಲೆಯಲ್ಲಿ ದೀಪ ಹತ್ತಿತು. ಅಣ್ಣನ ಮಷಿನ್ನಿನಲ್ಲಿ, ಅಣ್ಣನ ಕೈಗೆ, ಮೊದಲನೆಯ ಕೆಲಸ! ಅದನ್ನು ಕೈಗಿಟ್ಟು, "ಇದನ್ನ ಕೊರೆದಿದ್ದು ಯಾವ ಮಷಿನ್ ಹೇಳು?" ಎಂದರೆ ಅಣ್ಣ ಎದ್ದು ಬಾರದೆ ಇರುತ್ತಾನೆಯೇ?

ಒಂದು ಹಾಳೆಯ ಮೇಲೆ ಅವನ ಬಲಗೈ ಇರಿಸಿ ಸುತ್ತ ಪೆನ್ಸಿಲ್ ಎಳೆದುಕೊಂಡೆ. ಯಾಕೆಂದು ಕೇಳಿದ. ಊತ ಎಷ್ಟಿದೆ ಎಂದು ಮೇಡಂ ನೋಡಬೇಕಂತೆ, ಅಂದೆ. ಅತ್ತಿಗೆ ಬೆರಳುಗಳನ್ನು ಒತ್ತಿ ಹಿಡಿದಿದ್ದರು. ಅಣ್ಣ ಅಷ್ಟು ಹೊತ್ತೂ ಗೋಡೆ ನೋಡುತ್ತಿದ್ದ.

ಹಾಳೆ ಇದರೊಳಗಿದೆ. ಇದನ್ನು ಮಷಿನ್ನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕಳಿಸು.

ಇಂತು,
ಎಡ ಬಲ ತಿಳಿದ ಚಿಕ್ಕಪ್ಪ


ಮಾರ್ಚ್ ೨೧

ಚಿಕ್ಕಪ್ಪನಿಗೆ,

ಹಾಳೆ ಬಂತು. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಬಿಡಿಸಿ ಮೇಜಿನ ಮೇಲೆ ಹರಡಿದೆ. ಪಕ್ಕದ ಸೀಟಿನವಳು ಯಾರ ಕೈ ಎಂದು ಕೇಳಿದಳು. ಅಪ್ಪನದು ಎಂದೆ. ಇಷ್ಟು ದೊಡ್ಡದೇ ಎಂದಳು. ಅದರ ಮೇಲೆ ನನ್ನ ಕೈ ಇಟ್ಟು ತೋರಿಸಿದೆ. ನನ್ನದು ಅದರೊಳಗೆ ಮುಳುಗಿಹೋಯಿತು.

ಹೆಬ್ಬೆರಳಿನ ಬುಡದಲ್ಲಿ ಗೆರೆ ನಡುಗಿದೆ. ಅದು ನಿನ್ನ ಪೆನ್ಸಿಲ್ಲೋ ಅಪ್ಪನ ಕೈಯೋ ತಿಳಿಯಲಿಲ್ಲ. ಅದನ್ನು ನೇರ ಮಾಡಿ ಬರೆದಿದ್ದೇನೆ.

ಪೆನ್ ಡ್ರೈವ್ ಕಳಿಸುತ್ತಿದ್ದೇನೆ. ಮೊದಲು ಹಲಗೆ ಇಡದೆ ಗಾಳಿಯಲ್ಲಿ ಒಂದು ಸಲ ಓಡಿಸಿ ನೋಡು. ಆಮೇಲೆ ಮೆತ್ತನೆಯ ಮರದಲ್ಲಿ. ಕಿರುಬೆರಳಿನಿಂದ ಶುರುವಾಗಿ ಹೆಬ್ಬೆರಳಿಗೆ ಮುಗಿಯುತ್ತದೆ. ಅಂಚುಗಳನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜು, ಅಪ್ಪನಿಗೆ ಒರಟು ಅಂಚು ಆಗುವುದಿಲ್ಲ.

ಯಾರು ಬರೆದುಕೊಟ್ಟರೆಂದು ಹೇಳಬೇಕಾಗಿಲ್ಲ.

ಇಕ್ಕಳ


ಏಪ್ರಿಲ್ ೪

ಇಕ್ಕಳಾ,

ಇವತ್ತು ಆಶೀರ್ವಾದಕ್ಕೂ ಪುರುಸೊತ್ತಿಲ್ಲ. ಹಲಗೆ ಆಯಿತು! ಕಟರ್ ಇಳಿಯಿತು, ಮರದ ಪುಡಿ ಹಾರಿತು, ನಾನು ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ, ಅಷ್ಟೆ. ಬೆರಳಿನ ಕಾಲುವೆಗಳು ಒಂದೊಂದೂ ಬೆಣ್ಣೆ ಮುದ್ದೆಯಲ್ಲಿ ಬೆರಳಾಡಿಸಿದ ಹಾಗೆ ಬಂದಿವೆ. ಅಲ್ಲೇ ಪರೀಕ್ಷೆ ಮಾಡಿಬಿಡೋಣವೆಂದು ಚಹಾದ ಲೋಟ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಹಲಗೆಯೊಳಗೆ ಇಟ್ಟು ನೋಡಿದೆ. ಕೈಗವಸಿನ ಹಾಗೆ ಕೂತಿತು. ನನ್ನ ಕೈಗಿಂತ ಸ್ವಲ್ಪ ದೊಡ್ಡದು, ಅಣ್ಣನಿಗೆ ಸರಿ.

ನಾಳೆ ಮೇಡಂ ಬರುವ ಹೊತ್ತಿಗೆ ಎಲ್ಲರೆದುರೂ ಕೊಡುತ್ತೇನೆ. ಹೊಸ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಹೇಳಬೇಕಾದ ಮಾತುಗಳನ್ನೂ ತಯಾರು ಮಾಡಿಕೊಂಡಿದ್ದೇನೆ, ಸಾಕಷ್ಟು ಉದ್ದವಿದೆ.

ಇಂತು,
ಗೆದ್ದ ಚಿಕ್ಕಪ್ಪ


ಏಪ್ರಿಲ್ ೯

ಇಕ್ಕಳಕ್ಕೆ,

ಹೇಗೆ ಶುರುಮಾಡಬೇಕೋ ತಿಳಿಯದೆ ಪೆನ್ನು ಹಿಡಿದು ಕೂತಿದ್ದೇನೆ. ನನಗೆ ಹೀಗಾಗುವುದಿಲ್ಲ ಎಂಬುದು ನಿನಗೆ ಗೊತ್ತು.

ಅಣ್ಣ ಹಲಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಹಲಗೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಎಡಗೈ, ಚೆನ್ನಾಗಿರುವ ಎಡಗೈ, ಅದನ್ನು ಎತ್ತಿ ಹಲಗೆಯೊಳಗೆ ಇಟ್ಟ. ಐದೂ ಬೆರಳು ಐದೂ ಕಾಲುವೆಯಲ್ಲಿ ಕೂತವು. ಆಗ ನನಗೆ ಗೊತ್ತಾಯಿತು, ಚಹಾದ ಲೋಟ ನನ್ನ ಬಲಗೈಯಲ್ಲಿತ್ತು. ಮಹಾಪಂಡಿತ, ಎಡಗೈ ಇಟ್ಟು ಪರೀಕ್ಷೆ ಮಾಡಿದ್ದೆ.

"ಸರಿಯಾಗಿದೆ" ಅಂದ ಅಣ್ಣ. "ಬಲಗೈ ಅಳೆದು ನೋಡಿದ್ರಿ. ಅದು ಇನ್ನು ಆಗೋದಲ್ಲ ಅಂತ ಎಲ್ಲರೂ ಕೂತು ತೀರ್ಮಾನ ಮಾಡಿದ್ರಿ. ಉಳಿದಿರೋ ಕೈಗೆ ಮಾಡಿಸಿಕೊಟ್ರಿ. ನನಗೂ ಹೇಳಿದ್ದಿದ್ರೆ ಆಗ್ತಿತ್ತು."

"ಅಲ್ಲ ಅಣ್ಣ, ಕಂಪ್ಯೂಟರ್ ತಪ್ಪು ಮಾಡಿದೆ!" ಅಂದೆ.

"ಊತ ನೋಡೋಕೆ ಅಂದಿದ್ದೆ ನೀನು."

"ಅದು..."

"ಪಕ್ಕದ ಮನೆ ಬೀರು ಅಂದಿದ್ದೆ."

ಮೇಡಂ ಕೂಡ ಹೇಳಿದರು, ನಾನು ಬಲಗೈಗೇ ಕೇಳಿದ್ದು ಎಂದು. ಅಣ್ಣ ಅದನ್ನು ಸಮಾಧಾನದ ಮಾತೆಂದುಕೊಂಡು ತಲೆ ಆಡಿಸಿದ. ಹಲಗೆಯ ಮೇಲೆ ಬಟ್ಟೆ ಮುಚ್ಚಿದ. ಹೆಣಕ್ಕೆ ಮುಚ್ಚುವ ಹಾಗೆ ಮುಚ್ಚಿದ ಕಣೇ.

ಅವತ್ತಿನಿಂದ ಕೈ ಕಸರತ್ತು ನಿಂತಿದೆ. ಮೇಡಂ ಬಂದರೆ ಕೈ ಕೊಡುವುದಿಲ್ಲ. ನಿನ್ನೆ ಅತ್ತಿಗೆಗೆ ತಾನಾಗಿಯೇ ಹೇಳಿದನಂತೆ: "ಗುಜರಿಯವನನ್ನ ಕರೆಸು. ಬೇಸಿಗೆ ಮುಗಿಯೋವರೆಗೂ ಯಾಕೆ ಕಾಯೋದು." ಬೇಸಿಗೆಯ ಮಾತು ನನ್ನ ಗಂಟಲಿನಿಂದಲೇ ಅವನಿಗೆ ಮುಟ್ಟಿರಬೇಕು. ಅತ್ತಿಗೆ ಬೇಡವೆನ್ನಲಿಲ್ಲ. ಈ ತಿಂಗಳು ಕಳೆದ ಮೇಲೆ ಬರುತ್ತಾನೆ.

ಹಲಗೆಯನ್ನು ಮಗುಚಿ ನೋಡಿದೆ, ತಿರುಗಿಸಿ ನೋಡಿದೆ. ಮಗುಚಿದರೆ ಬರೀ ಹಲಗೆ, ತಿರುಗಿಸಿದರೂ ಎಡಗೈಯೇ. ನೀನು ಬರೆದದ್ದರಲ್ಲಿ ತಪ್ಪಿದೆಯೋ ನಾನು ಮಾಡಿದ್ದರಲ್ಲೋ? ನಿನ್ನದೇ ಆಗಿರಲಿ ಎಂದು ಆಸೆ. ಆದರೆ ನನ್ನದೇ ಇರಬೇಕು.

ಚಿಕ್ಕಪ್ಪ


ಏಪ್ರಿಲ್ ೧೮

ಚಿಕ್ಕಪ್ಪನಿಗೆ,

ನಿನ್ನದೇ.

ನನ್ನ ಕಡತ ತೆಗೆದು ಮತ್ತೆ ನೋಡಿದೆ, ಬಲಗೈಯೇ ಇದೆ. ಆಮೇಲೆ ನಿನ್ನ ಮಾರ್ಚ್ ತಿಂಗಳ ಪತ್ರ ಓದಿದೆ. ಸಾಫ್ಟ್‌ವೇರ್ ಮಾತಾಡುವುದು ಕಟರಿನ ವಿಷಯ, ಮೇಜಿನ ವಿಷಯವಲ್ಲ. ಬಲಕ್ಕೆ ಎಂದರೆ ಕಟರ್ ಹಲಗೆಯ ಮೇಲೆ ಬಲಕ್ಕೆ ಹೋಗಬೇಕು ಎಂದು ಅರ್ಥ. ಕಟರ್ ನಿಂತಲ್ಲೇ ಇರುತ್ತದೆ, ಹಾಗಾಗಿ ಮೇಜು ಎಡಕ್ಕೆ ಸರಿಯಬೇಕು. ಅದು ಸರಿಯಾಗಿಯೇ ಇತ್ತು. ನೀನು ತಿರುಗಿಸಿದೆ. ಅದೂ ಒಂದೇ ದಿಕ್ಕನ್ನು. ಹಾಗಾಗಿ ಏನು ಕೊರೆದರೂ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಬಲಗೈ ಎಡಗೈ ಆಗುತ್ತದೆ.

ಆ ಟಿಕ್ ತೆಗೆ. ಬಲಗೈ ಹಲಗೆ ಮತ್ತೆ ಕೊರೆ. ಅಪ್ಪನಿಗೆ ಕೊಡು.

ಬೈಯಬೇಕೆಂದು ಕೂತೆ, ಆಗಲಿಲ್ಲ. ಆ ಹಾಳೆಯನ್ನು ಎದುರಿಗೆ ಇಟ್ಟುಕೊಂಡು ದಿನಗಟ್ಟಲೆ ಬರೆದವಳು ನಾನು. ಅದೇ ಗೆರೆ ಅಪ್ಪನಿಗೆ 'ನಿನ್ನ ಕೈ ಮುಗಿಯಿತು' ಎಂದು ಹೇಳಿದೆ. ಫೋನ್ ಮಾಡಿದೆ, ಅಮ್ಮ ಎತ್ತಿದರು, ಅಪ್ಪ ಮಲಗಿದ್ದಾರೆ ಎಂದರು. ಹಗಲು ಹನ್ನೊಂದು ಗಂಟೆಗೆ.

ಇಕ್ಕಳ


ಮೇ ೬

ಇಕ್ಕಳಕ್ಕೆ ಚಿಕ್ಕಪ್ಪನ ಆಶೀರ್ವಾದ.

ನೀನು ಟಿಕ್ ತೆಗೆ ಎಂದೆ. ನಾನು ತೆಗೆಯಲಿಲ್ಲ. ಕೋಪಿಸಿಕೊಳ್ಳುವ ಮೊದಲು ಕೇಳು. ಇನ್ನೊಂದು ಹಲಗೆ ಮಾಡಿ ಕೊಟ್ಟರೆ ಅಣ್ಣ ಏನೆಂದುಕೊಳ್ಳುತ್ತಾನೆ? 'ನನ್ನ ಮನಸ್ಸು ನೊಂದಿತೆಂದು ಈಗ ಬಲಗೈಗೂ ಒಂದು ಮಾಡಿಸಿದರು' ಎಂದುಕೊಳ್ಳುತ್ತಾನೆ. ನಾನು ಹೇಳಿದ್ದನ್ನು ಅವನು ನಂಬುವುದಿಲ್ಲ, ನಂಬುವ ಹಾಗೆ ನಾನು ಬದುಕಿಯೂ ಇಲ್ಲ. ತಪ್ಪನ್ನು ಅವನೇ ಕಣ್ಣಾರೆ ಹಿಡಿಯಬೇಕು. ಅದಕ್ಕೆ ತಪ್ಪು ಅಲ್ಲಿಯೇ ಇರಬೇಕಲ್ಲ?

ಗುಜರಿಯವನು ಬಂದ. ಮಷಿನ್ ಸುತ್ತ ಒಂದು ಸುತ್ತು ಬಂದು ಕಣ್ಣಲ್ಲೇ ತೂಗಿದ. ನಾನು ಶೆಡ್ಡಿನ ಬಾಗಿಲು, ಹಿತ್ತಲ ಬಾಗಿಲು, ಅಣ್ಣನ ಕೋಣೆಯ ಬಾಗಿಲು ಮೂರನ್ನೂ ಹಾರುಹೊಡೆದು ತೆರೆದಿಟ್ಟಿದ್ದೆ.

"ಹೋಗೋ ಮುಂಚೆ ಓಡೋದು ನೋಡಿ ಸ್ವಾಮಿ. ನಿಮ್ಮ ಅಂಗಡಿ ಹೆಸರಿನ ಮೊದಲ ಅಕ್ಷರ ಕೊರೆದುಕೊಡ್ತೀನಿ" ಎಂದು ಒಂದು ತುಂಡು ಹಲಗೆ ಬಿಗಿದು ಓಡಿಸಿದೆ. ಅಕ್ಷರಗಳು ಸಾಫ್ಟ್‌ವೇರಿನಲ್ಲೇ ತಯಾರಿದ್ದವು. ಅಕ್ಷರ ಬಂತು. ಅವನು ಹಲಗೆಯನ್ನು ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ.

"ಏನ್ರೀ ಇದು, ಕನ್ನಡಿ ಹಿಡ್ಕೊಂಡು ಓದ್ಬೇಕಾ?"

"ಹೀಗೇ ಬರೋದು" ಅಂದೆ.

"ಹಾಗಾದ್ರೆ ಮಷಿನ್ನೇ ಸೊಟ್ಟ. ಇದನ್ನ ಯಾರು ಇಟ್ಕೊಂಡು ಕೆಲಸ ಮಾಡ್ತಾರೆ? ಕಬ್ಬಿಣದ ತೂಕಕ್ಕೆ ಆದ್ರೆ ತಗೋತೀನಿ."

ನಾನು ಗಂಟಲು ಎತ್ತಿದೆ. ದೇವರು ಆ ಗಂಟಲನ್ನು ಯಾತಕ್ಕೆ ಕೊಟ್ಟನೆಂದು ಅವತ್ತು ತಿಳಿಯಿತು. "ಹೌದು ಸ್ವಾಮೀ! ಮೊದಲಿಂದಲೂ ಈ ಮಷಿನ್ ಸೊಟ್ಟಾನೇ!"

ಒಳಗಿನಿಂದ ಕೋಲಿನ ಸದ್ದು. ಟಕ್. ಟಕ್. ಅತ್ತಿಗೆ ಹಿಂದಿನಿಂದ "ನಿಧಾನ ರೀ, ನಿಧಾನ" ಎನ್ನುತ್ತ ಬರುತ್ತಿದ್ದರು. ಅಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತ. ಲಕ್ವ ಹೊಡೆದ ಮೇಲೆ ಮೊದಲ ಸಲ.

"ಯಾವನೋ ಅವನು ಸೊಟ್ಟ ಅಂದವನು?"

ಗುಜರಿಯವನು ನನ್ನ ಕಡೆ ತೋರಿಸಿದ. ನಾನು ಗುಜರಿಯವನ ಕಡೆ ತೋರಿಸಿದೆ. ಅಣ್ಣನ ಕಣ್ಣು ಮೋಟಾರು, ತಂತಿ, ಕಂಪ್ಯೂಟರಿನ ಮೇಲೆಲ್ಲ ಹೋಯಿತು. ಹಿಡಿಗಳಿಲ್ಲದ ಜಾಗದ ಮೇಲೆ ಹೋಯಿತು. ನನ್ನನ್ನು ಕೊಲ್ಲುತ್ತಾನೆಂದುಕೊಂಡೆ. ಹಲಗೆ ಕೇಳಿದ, ಕೊಟ್ಟೆ. ನೋಡಿದ.

"ಬಲಕ್ಕೆ ಓಡಿಸು."

ಬಾಣ ಒತ್ತಿದೆ. ಮೇಜು ಬಲಕ್ಕೆ ಹೋಯಿತು.

"ಕತ್ತೆ. ಮೇಜು ಯಾಕೆ ನೋಡ್ತೀಯ? ಕಟರ್ ಮೇಲೆ ಕೂತ್ಕೊಂಡು ನೋಡು. ಮೇಜು ಬಲಕ್ಕೆ ಹೋದ್ರೆ ನೀನು ಯಾವ ಕಡೆ ಹೋದೆ?"

"ಎಡಕ್ಕೆ."

"ಮತ್ತೆ ಸೊಟ್ಟ ಇರೋದು ಮಷಿನ್ನೋ ನೀನೋ?"

ಹಾಗೆಂದವನು ಕೈಯಲ್ಲಿದ್ದ ತಿರುಗುಮುರುಗು ಅಕ್ಷರವನ್ನೇ ನೋಡುತ್ತಿದ್ದ. ಕೇಳಿದಾಗ ದನಿ ಬೇರೆಯಾಗಿತ್ತು.

"ಹಾಗಾದ್ರೆ ಅವತ್ತಿನ ಹಲಗೆ..."

"ಬಲಗೈದೇ ಅಣ್ಣ. ನಿನ್ನ ಬಲಗೈ ಅಳತೆ ನೋಡಿ ಹುಡುಗಿ ಬರೆದಿದ್ದು ಬಲಗೈಯೇ. ತಿರುಗಿಸಿದ್ದು ನಾನು."

"ಯಾವ ಹುಡುಗಿ?"

"ನಮ್ಮನೇಲಿ ಎಷ್ಟು ಜನ ಹುಡುಗಿಯರಿದ್ದಾರೆ?"

ನೀನು ಹೇಳಬೇಡವೆಂದಿದ್ದೆ. ಹೇಳಿಬಿಟ್ಟೆ. ಅಣ್ಣ ಮಷಿನ್ನಿನ ಮೈಮೇಲೆ ಎಡಗೈ ಊರಿ ನಿಂತ. ಆಮೇಲೆ ಕೇಳಿದ: "ಇದನ್ನ ನಿಲ್ಲಿಸೋದು ಹೇಗೆ?"

ನಾನು ಹೋಗಿ ಗೋಡೆಯ ಪ್ಲಗ್ ಕಿತ್ತು ತೋರಿಸಿದೆ.

"ನೀನು ಅಲ್ಲಿಗೆ ಹೋಗೋ ಅಷ್ಟರಲ್ಲಿ ಬೆರಳು ಹೋಗಿರುತ್ತೆ. ಲಿಫ್ಟಿನಲ್ಲಿ ಕೆಂಪು ಗುಂಡಿ ಇರುತ್ತಲ್ಲ, ಹೊಡೆದ ತಕ್ಷಣ ನಿಲ್ಲೋದು. ಅವಳನ್ನ ಕೇಳು. ಅದು ಬರೋವರೆಗೆ ಯಾವನೂ ಇದನ್ನ ಓಡಿಸಕೂಡದು."

ಹೇಳಿ ಒಳಗೆ ಹೋದ. ಟಿಕ್ ಈಗ ತೆಗೆದಿದ್ದೇನೆ. ಆದರೆ ಪೂರ್ತಿ ಗೆದ್ದೆ ಎನ್ನುವ ಹಾಗಿಲ್ಲ. ಬಂದವನು ಕೂರಲಿಲ್ಲ, ಮಂಚ ಇನ್ನೂ ಗೋಡೆಯ ಕಡೆಗೇ ಇದೆ. ಅತ್ತಿಗೆ ಗುಜರಿಯವನಿಗೆ "ತಿಂಗಳ ಕೊನೆಯಲ್ಲಿ ಹೇಳ್ತೀವಿ" ಎಂದು ಕಳಿಸಿದರು.

ಇಂತು,
ಸೊಟ್ಟ ಚಿಕ್ಕಪ್ಪ


ಮೇ ೧೪

ಚಿಕ್ಕಪ್ಪನಿಗೆ,

ಗುಂಡಿ ಕಳಿಸಿದ್ದೇನೆ. ಹೊಸದು. ಯಾವ ಲಿಫ್ಟಿನಿಂದಲೂ ಕಿತ್ತದ್ದಲ್ಲ, ಹಾಗೆಂದು ಹೇಳಿಕೊಂಡು ತಿರುಗಬೇಡ. ಅಂಗೈ ಅಗಲ ಇದೆ, ಹುಡುಕಬೇಕಾಗಿಲ್ಲ. ತಂತಿ ಎಲ್ಲಿಗೆ ಜೋಡಿಸಬೇಕೆಂದು ಚೀಟಿ ಅಂಟಿಸಿದ್ದೇನೆ. ನಿನ್ನ ಗೆಳೆಯನೇ ಜೋಡಿಸಲಿ, ನೀನು ದೂರ ನಿಲ್ಲು.

ಯಾವ ಕಡೆ ಹಾಕಬೇಕೆಂದು ಅಪ್ಪನನ್ನೇ ಕೇಳು. ಅವರು ಏನೆಂದರೆಂದು ಅವರ ಮಾತಿನಲ್ಲೇ ಬರೆ. ಉಪ್ಪುಖಾರ ಹಾಕಬೇಡ.

'ಅವಳನ್ನ ಕೇಳು' ಎಂದದ್ದು ನಿಜವೇ? ಅಥವಾ ಅದೂ ಪಕ್ಕದ ಮನೆಯ ಬೀರೋ?

ಇಕ್ಕಳ


ಮೇ ೨೭

ನಮ್ಮ ಮಗಳಿಗೆ ಚಿಕ್ಕಪ್ಪನ ಆಶೀರ್ವಾದ.

ನಿಜವೇ. ಇದರಲ್ಲೂ ಉಪ್ಪುಖಾರ ಇಲ್ಲ. ಸಪ್ಪೆ ಅನ್ನಿಸಿದರೆ ನನ್ನನ್ನು ದೂರಬೇಡ.

ಗುಂಡಿ ತೋರಿಸಿ ಯಾವ ಕಡೆ ಎಂದು ಕೇಳಿದೆ. "ಬಲಕ್ಕೆ" ಅಂದ. ಅತ್ತಿಗೆ ತಡೆಯಲಾರದೆ, "ಬಲಗೈ ಏಳಲ್ವಲ್ಲ ರೀ?" ಎಂದರು. ಅಣ್ಣ ಗುಂಡಿಯನ್ನು ಎಡಗೈಯಲ್ಲಿ ತೂಗುತ್ತ ಹೇಳಿದ: "ಏಳೋದು ಯಾರಿಗೆ ಬೇಕು. ಇದಕ್ಕೆ ಬೀಳೋದು ಬಂದ್ರೆ ಸಾಕು."

ಭುಜ ಈಗ ಅಷ್ಟಿಷ್ಟು ಮಾತು ಕೇಳುತ್ತದೆ, ಬೆರಳು ಕೇಳುವುದಿಲ್ಲ. ಆದ್ದರಿಂದ ಕುರ್ಚಿಯ ಬಲಕ್ಕೆ ಒಂದು ಗಿಡ್ಡ ಕಟ್ಟೆ ಮಾಡಿ ಅದರ ಮೇಲೆ ಕೈ, ಅದರ ಪಕ್ಕ ಸ್ವಲ್ಪ ಕೆಳಗೆ ಗುಂಡಿ. ಕೈ ಜಾರಿಸಿದರೆ ನೇರ ಗುಂಡಿಯ ಮೇಲೆ. ಎತ್ತರವನ್ನು ಅಣ್ಣ ನಾಲ್ಕು ಸಲ ಬದಲಾಯಿಸಿದ, ನನ್ನನ್ನು ಲೆಕ್ಕವಿಲ್ಲದಷ್ಟು ಸಲ ಬೈದ. ಬೈಗುಳ ಕೇಳಿ ಅತ್ತಿಗೆಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ಎರಡು ಸಲ ಚಹಾ ಮಾಡಿಕೊಟ್ಟರು.

ನಿನ್ನೆ ಕೂತ. ಮೇಡಂ ಕೂಡ ನೋಡಬೇಕೆಂದು ನಿಂತಿದ್ದರು. ಎಡಗೈ ಕೀಲಿಮಣೆಯ ಮೇಲೆ, ಬಲಗೈ ಕಟ್ಟೆಯ ಮೇಲೆ. ಹಲಗೆ ಬಿಗಿಯುವ ಕೆಲಸ ನನ್ನದು, ಓಡಿಸುವುದು ಅವನದು. ಕಿರುಬೆರಳು ಆಯಿತು. ಉಂಗುರದ ಬೆರಳು ಆಯಿತು. ಅಣ್ಣ ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತಿದ್ದ. "ವೇಗ ಜಾಸ್ತಿ" ಅಂದ, ಕಣ್ಣು ತೆರೆದು ತಾನೇ ಇಳಿಸಿದ. ತೋರುಬೆರಳೂ ಮುಗಿಯಿತು. ನಾನು ಮೇಡಂಗೆ ಈ ಸಾಫ್ಟ್‌ವೇರನ್ನು ನಾನು ಹೇಗೆ ಪಳಗಿಸಿದೆನೆಂದು ವಿವರಿಸುತ್ತಿದ್ದೆ.

ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಕರೆಂಟು ಹೋಯಿತೆಂದು ಮೇಲೆ ನೋಡಿದೆ, ದೀಪ ಉರಿಯುತ್ತಿದೆ. ಕೆಳಗೆ ನೋಡಿದರೆ, ನಾನು ಹಲಗೆಯನ್ನು ಬಿಗಿದ ಕಬ್ಬಿಣದ ಕ್ಲಾಂಪು ಹೆಬ್ಬೆರಳಿನ ದಾರಿಗೇ ಅಡ್ಡ ಕೂತಿದೆ, ಕಟರ್ ಅದಕ್ಕೆ ತಾಗಲು ಒಂದು ಉಗುರಿನಷ್ಟೇ ಬಾಕಿ.

"ಯಾರು ನಿಲ್ಲಿಸಿದ್ದು?" ಎಂದೆ ಪೆದ್ದನ ಹಾಗೆ.

ಬಲಗೈ ಗುಂಡಿಯ ಮೇಲೆ ಬಿದ್ದಿತ್ತು. ಅಣ್ಣ ಅದನ್ನು ನೋಡುತ್ತಿದ್ದ, ಬಹಳ ದಿನದ ಮೇಲೆ ಊರಿನಿಂದ ಬಂದವರನ್ನು ಬಾಗಿಲಲ್ಲಿ ನಿಂತು ನೋಡುವ ಹಾಗೆ.

ಆಮೇಲೆ ಕ್ಲಾಂಪಿಗಾಗಿ ನನಗೆ ಬಿದ್ದ ಪೂಜೆಯನ್ನು ಬರೆಯುವುದಿಲ್ಲ. ಒಮ್ಮೆ ಹಾಗೆ ನಿಲ್ಲಿಸಿದರೆ ಮೇಜಿನ ಸೊನ್ನೆಯನ್ನು, ಅಂದರೆ ಅಳತೆ ಶುರುವಾಗುವ ಜಾಗವನ್ನು, ಮತ್ತೆ ಹುಡುಕಿ ಕೊಡಬೇಕಲ್ಲ. ಅಣ್ಣ ಸುಸ್ತಾಗಿದ್ದ, ಅಲ್ಲಿಗೇ ಬಿಟ್ಟೆವು. ಮೇಜಿನ ಎರಡು ತುದಿಗೂ ತಾನಾಗಿ ನಿಲ್ಲುವ ಸ್ವಿಚ್ಚು ಬೇಕಂತೆ ಅವನಿಗೆ, ಲಿಫ್ಟಿಗೆ ಇರುವ ಹಾಗೆ. "ಬರೆದು ಕೇಳ್ತೀನಿ" ಎಂದೆ. "ಅದು ಕಾಗದದಲ್ಲಿ ಹೇಳಿಕೊಡೋ ಕೆಲಸ ಅಲ್ಲ" ಅಂದ. ಅವನ ಮಾತು ಅಷ್ಟೇ. ಅರ್ಥ ನೀನು ಮಾಡಿಕೊ.

ಅರ್ಧ ಕೊರೆದ ಹಲಗೆಯನ್ನು ಬಿಚ್ಚಿ ಅಣ್ಣನ ತೊಡೆಯ ಮೇಲಿಟ್ಟೆ. ಮೇಡಂ ಹೇಳುವ ಮೊದಲೇ ಅವನೇ ಎಡಗೈಯಿಂದ ಬಲಗೈ ಎತ್ತಿ ಒಂದೊಂದೇ ಬೆರಳು ಬಿಡಿಸಿ ಕಾಲುವೆಗಳಲ್ಲಿ ಇಟ್ಟ. ನಾಲ್ಕು ಬೆರಳು ಕೂತವು. ಜಾಗವಿಲ್ಲದ ಹೆಬ್ಬೆರಳು ಹೊರಗೆ ಹಲಗೆಯ ಮೇಲೆ ಮಲಗಿತು. ಅತ್ತಿಗೆ ಅವನ ತೋಳಿನ ಮೇಲಿದ್ದ ಮರದ ಪುಡಿ ಒರೆಸುತ್ತ ಮೆಲ್ಲಗೆ ಕೇಳಿದರು: "ಗುಜರಿಯವನು ಫೋನ್ ಮಾಡಿದ್ದ. ನಾಳೆ ಬರಲಾ ಅಂತಿದ್ದಾನೆ."

ಅಣ್ಣ ತಲೆ ಎತ್ತಲಿಲ್ಲ.

"ನಾಳೆ ಆಗಲ್ಲ ಅನ್ನು. ನಾಳೆ ಹೆಬ್ಬೆರಳು ಕೊರೆಯೋದಿದೆ."

ಇಂತು,
ನಿನ್ನ ಚಿಕ್ಕಪ್ಪ